ಕಂಪ್ಯೂಟರ್ ನಿಮ್ಮ ಅರ್ಜಿಯನ್ನು ಓದುವ ಬಗೆ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಿತೆಂದರೆ ಅರ್ಜಿಗಳ ಕಾಲ ಆರಂಭವಾಯಿತೆಂದೇ ಲೆಕ್ಕ. ಪಿ.ಯು. ಪ್ರವೇಶಕ್ಕೊಂದು, ಹಾಸ್ಟೆಲಿಗೊಂದು, ವಿದ್ಯಾರ್ಥಿವೇತನಕ್ಕೊಂದು, ಬಸ್ ಪಾಸಿಗೊಂದು, ಎರಡು ವರ್ಷ ಕಳೆದರೆ ಸಿ.ಇ.ಟಿ.ಗೊಂದು. ಹಿಂದೆ ಇವೆಲ್ಲ ಕಾಗದದ ಮೇಲಿರುತ್ತಿದ್ದವು. ಕಿಟಕಿಯ ಆಚೆ ಕುಳಿತ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಜಾತಿ ಕಾಲಂ ಖಾಲಿ ಬಿಟ್ಟಿದ್ದೀಯಲ್ಲಪ್ಪ, ಇಲ್ಲೇ ತುಂಬಿಕೊಡು" ಎನ್ನುತ್ತಿದ್ದರು. ಗದರಿಕೊಂಡರೂ ತಪ್ಪು ಎಲ್ಲಿದೆ ಎಂಬುದು ಗೊತ್ತಾಗುತ್ತಿತ್ತು. ಈಗ ಆ ಕಿಟಕಿಯ ಜಾಗದಲ್ಲಿ ಪರದೆ ಬಂದಿದೆ. ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಸರದಿಯಲ್ಲಿ ನಿಂತು, ಮೂವತ್ತು ಕಾಲಂ ತುಂಬಿ, 'ಸಲ್ಲಿಸಿ' ಎಂಬ ಗುಂಡಿ ಒತ್ತಿದರೆ, ಮೇಲೆ ಕೆಂಪಕ್ಷರದಲ್ಲಿ 'ಇನ್‌ವ್ಯಾಲಿಡ್ ಇನ್‌ಪುಟ್' ಎಂದು ಮೂಡುತ್ತದೆ. ಯಾವ ಕಾಲಂ, ಏನು ತಪ್ಪು, ಹೇಗೆ ತಿದ್ದಬೇಕು, ಯಾವುದೂ ಇಲ್ಲ. ಅದರ ಜೊತೆಗೆ ತುಂಬಿದ ಮೂವತ್ತು ಕಾಲಮ್ಮುಗಳೂ ಖಾಲಿ! ಅದು ಅರ್ಜಿಯ ಕೊನೆಯ ದಿನವಾಗಿದ್ದರೆ ಒಬ್ಬ ಹುಡುಗಿಯ ಒಂದು ವರ್ಷ ಅಲ್ಲಿಗೆ ಹೋಯಿತು.

ಹಾಗಾದರೆ ಆ ಪರದೆಯ ಹಿಂದೆ ಏನು ನಡೆಯುತ್ತದೆ? ನಾವು ಬರೆದದ್ದು ಸರಿಯೋ ತಪ್ಪೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ನಿಮ್ಮಲ್ಲಿ ಕೆಲವರು ಮುಂದೆ ಇಂಥ ಅರ್ಜಿಗಳನ್ನು ತುಂಬುವವರಷ್ಟೇ ಅಲ್ಲ, ತಯಾರಿಸುವವರೂ ಆಗುತ್ತೀರಿ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲಿಗೆ ಒಂದು ಮಾತು. ಬರೆದದ್ದು ನಿಜವೋ ಸುಳ್ಳೋ ಎಂಬುದು ಕಂಪ್ಯೂಟರಿಗೆ ತಿಳಿಯದು. ಅದು ನೋಡಬಲ್ಲದ್ದು ಬರೆದದ್ದರ ಆಕಾರವನ್ನು ಮಾತ್ರ. ಕಾಲಂ ಖಾಲಿ ಇದೆಯೇ? ಅಂಕೆ ಇರಬೇಕಾದಲ್ಲಿ ಅಕ್ಷರ ಬಂದಿದೆಯೇ? ಸಂಖ್ಯೆ ಮಿತಿಯೊಳಗಿದೆಯೇ? ಒಂದು ಕಾಲಂ ಇನ್ನೊಂದಕ್ಕೆ ಹೊಂದುತ್ತದೆಯೇ? ಏಪ್ರಿಲ್ 31ನೇ ತಾರೀಖು ಹುಟ್ಟಿದವರು ಯಾರೂ ಇಲ್ಲ ಎಂದು ಅದು ಹೇಳಬಲ್ಲದು. 2000ದ ಫೆಬ್ರವರಿಯಲ್ಲಿ 29 ದಿನಗಳಿದ್ದವು, 1900ರಲ್ಲಿ ಇರಲಿಲ್ಲ, 2100ರಲ್ಲಿ ಇರುವುದಿಲ್ಲ ಎಂಬ ಲೆಕ್ಕವನ್ನೂ ಅದಕ್ಕೆ ಕಲಿಸಬಹುದು. ಆದರೆ ನೀವು ಮಾರ್ಚ್ 12ರಂದು ಹುಟ್ಟಿ ಮಾರ್ಚ್ 21 ಎಂದು ಬರೆದರೆ ಅದು ತೆಪ್ಪಗೆ ಒಪ್ಪಿಕೊಳ್ಳುತ್ತದೆ.

ಅಂಕೆಗಳು ಹೀಗೆ ಅದಲುಬದಲಾಗುವುದು ನಾವೆಲ್ಲ ಮಾಡುವ ತಪ್ಪು. ಅದನ್ನು ಹಿಡಿಯಲು ಗಣಿತದಲ್ಲಿ ಒಂದು ಚೆಂದದ ಉಪಾಯವಿದೆ. ಉದ್ದನೆಯ ಸಂಖ್ಯೆಯ ಕೊನೆಗೆ, ಉಳಿದ ಅಂಕೆಗಳಿಂದಲೇ ಲೆಕ್ಕ ಹಾಕಿದ ಒಂದು ಅಂಕೆಯನ್ನು ಅಂಟಿಸುವುದು. ಇದನ್ನು ತಾಳೆ ಅಂಕೆ ಎನ್ನೋಣ. ಐ.ಬಿ.ಎಂ. ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬವರು ಇಂಥ ಒಂದು ವಿಧಾನಕ್ಕೆ 1954ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು; 1960ರಲ್ಲಿ ಅದು ಮಂಜೂರಾಯಿತು. ಕಾಗದ ಪೆನ್ಸಿಲು ತೆಗೆದುಕೊಳ್ಳಿ, ಈಗಲೇ ಮಾಡಿ ನೋಡಬಹುದು.

73528 ಎಂಬ ಸಂಖ್ಯೆ ಇದೆ ಎನ್ನಿ. ಕೊನೆಯ 8 ತಾಳೆ ಅಂಕೆ. ಅದನ್ನು ಪಕ್ಕಕ್ಕಿಟ್ಟು ಬಲದಿಂದ ಎಡಕ್ಕೆ ಬನ್ನಿ. ಮೊದಲು ಸಿಗುವ 2ನ್ನು ಇಮ್ಮಡಿ ಮಾಡಿದರೆ 4. ಮುಂದಿನ 5 ಹಾಗೆಯೇ ಇರಲಿ. 3ನ್ನು ಇಮ್ಮಡಿ ಮಾಡಿದರೆ 6. 7 ಹಾಗೆಯೇ ಇರಲಿ. ಹೀಗೆ ಒಂದನ್ನು ಬಿಟ್ಟು ಒಂದನ್ನು ಇಮ್ಮಡಿ ಮಾಡುತ್ತ ಹೋಗಬೇಕು. ಇಮ್ಮಡಿ ಮಾಡಿದಾಗ ಎರಡಂಕಿಯ ಸಂಖ್ಯೆ ಬಂದರೆ ಆ ಎರಡು ಅಂಕೆಗಳನ್ನು ಕೂಡಿ ಒಂದಾಗಿಸಬೇಕು. ಉದಾಹರಣೆಗೆ 10 ಬಂದರೆ 1, 18 ಬಂದರೆ 9. ಈಗ ಎಲ್ಲವನ್ನೂ ಕೂಡಿ: 4, 5, 6, 7 ಸೇರಿ 22. ಇದಕ್ಕೆ ತಾಳೆ ಅಂಕೆ 8 ಸೇರಿಸಿದರೆ 30. ಹತ್ತರಿಂದ ನಿಶ್ಶೇಷವಾಗಿ ಭಾಗವಾಯಿತು. ಸಂಖ್ಯೆ ತಾಳೆಯಾಯಿತು ಎಂದರ್ಥ.

ಇದೇ ಸಂಖ್ಯೆಯನ್ನು ಅವಸರದಲ್ಲಿ 75328 ಎಂದು ಬರೆದಿರಿ ಎನ್ನಿ. 2ರ ಇಮ್ಮಡಿ 4, ಆಮೇಲೆ 3, ಆಮೇಲೆ 5ರ ಇಮ್ಮಡಿ 10, ಅಂದರೆ 1, ಆಮೇಲೆ 7. ಮೊತ್ತ 15, ಎಂಟು ಸೇರಿಸಿದರೆ 23. ಹತ್ತರಿಂದ ಭಾಗವಾಗುವುದಿಲ್ಲ. ಸಿಕ್ಕಿಬಿತ್ತು! ಯಾವುದಾದರೂ ಒಂದೇ ಒಂದು ಅಂಕೆ ತಪ್ಪಾಗಿದ್ದರೂ ಈ ವಿಧಾನ ತಪ್ಪದೆ ಹಿಡಿಯುತ್ತದೆ. ಕ್ರೆಡಿಟ್ ಕಾರ್ಡಿನ ಸಂಖ್ಯೆಯಲ್ಲಿ ಇರುವುದು ಇದೇ ಲೆಕ್ಕ. ನಿಮ್ಮ ಮನೆಯ ಮೊಬೈಲಿನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಎಂದು ಒತ್ತಿದರೆ ಕಾಣುವ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆಯಲ್ಲೂ ಇದೇ. ಆ ಹದಿನೈದನೆಯ ಅಂಕೆಯನ್ನು ಮುಚ್ಚಿಟ್ಟು ಉಳಿದ ಹದಿನಾಲ್ಕರಿಂದ ಅದನ್ನು ಕಂಡುಹಿಡಿಯಿರಿ. ರಜೆಯ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ.

ಆದರೆ ಲೂನ್ ವಿಧಾನಕ್ಕೂ ಒಂದು ಕುರುಡು ಜಾಗವಿದೆ. ಅಕ್ಕಪಕ್ಕದಲ್ಲಿರುವ 0 ಮತ್ತು 9 ಅದಲುಬದಲಾದರೆ ಅದಕ್ಕೆ ತಿಳಿಯುವುದಿಲ್ಲ. 9ನ್ನು ಇಮ್ಮಡಿ ಮಾಡಿದರೆ 18, ಅಂದರೆ ಮತ್ತೆ 9. ಸೊನ್ನೆಯನ್ನು ಇಮ್ಮಡಿ ಮಾಡಿದರೂ ಸೊನ್ನೆ. ಯಾವುದು ಎಲ್ಲಿದ್ದರೂ ಮೊತ್ತ ಒಂದೇ. ಈ ಕೊರತೆಯನ್ನು ತುಂಬಿದವರು ನೆದರ್ಲೆಂಡ್ಸಿನ ಗಣಿತಜ್ಞ ಯಾಕೋಬಸ್ ವರ್ಹೂಫ್. 1969ರಲ್ಲಿ ಅವರು ಪ್ರಕಟಿಸಿದ ವಿಧಾನ ಸಾಮಾನ್ಯ ಸಂಕಲನವನ್ನೇ ಕೈಬಿಡುತ್ತದೆ. ರಟ್ಟಿನಿಂದ ಐದೂ ಬದಿಗಳು ಸಮನಾಗಿರುವ ಪಂಚಭುಜವೊಂದನ್ನು ಕತ್ತರಿಸಿಕೊಳ್ಳಿ. ಅದನ್ನು ಇದ್ದ ಜಾಗದಲ್ಲೇ ಸರಿಯಾಗಿ ಕೂರುವಂತೆ ಐದು ರೀತಿ ತಿರುಗಿಸಬಹುದು, ಐದು ರೀತಿ ಮಗುಚಬಹುದು, ಒಟ್ಟು ಹತ್ತು. ಹತ್ತು ಅಂಕೆಗಳಿಗೆ ಹತ್ತು ಚಲನೆಗಳು! ಮೊದಲು ತಿರುಗಿಸಿ ಆಮೇಲೆ ಮಗುಚಿದರೆ ಒಂದು ಫಲ, ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಇನ್ನೊಂದು. 3ಕ್ಕೆ 5 ಕೂಡಿದರೂ 5ಕ್ಕೆ 3 ಕೂಡಿದರೂ ಎಂಟೇ ಬರುವ ನಮ್ಮ ಕೂಡುವ ಲೆಕ್ಕದಂತೆ ಇದಲ್ಲ. ಇಲ್ಲಿ ಕ್ರಮಕ್ಕೆ ಬೆಲೆ ಇದೆ. ಕ್ರಮಕ್ಕೆ ಬೆಲೆ ಇದ್ದಾಗ ಕ್ರಮ ತಪ್ಪಿದ್ದನ್ನು ಹಿಡಿಯುವುದು ಸಾಧ್ಯವಾಗುತ್ತದೆ. ಇದರ ಜೊತೆಗೆ ಪ್ರತಿ ಸ್ಥಾನದಲ್ಲೂ ಅಂಕೆಗಳನ್ನು ಒಂದು ಗೊತ್ತಾದ ರೀತಿಯಲ್ಲಿ ಪಲ್ಲಟಗೊಳಿಸಿ, ಒಂದಂಕೆಯ ಎಲ್ಲ ತಪ್ಪುಗಳನ್ನೂ ಅಕ್ಕಪಕ್ಕದ ಎಲ್ಲ ಅದಲುಬದಲುಗಳನ್ನೂ ಹಿಡಿಯುವಂತೆ ವರ್ಹೂಫ್ ಮಾಡಿದರು. ನಿಮ್ಮ ಆಧಾರ್ ಕಾರ್ಡಿನ 12ನೆಯ ಅಂಕೆ ಈ ವರ್ಹೂಫ್ ಅಂಕೆಯೇ. ಬಿ.ಎಸ್ಸಿ. ಓದುವಾಗ ಗುಂಪು ಸಿದ್ಧಾಂತ ಯಾವ ಕೆಲಸಕ್ಕೆ ಬರುತ್ತದೆ ಎಂದು ಗೊಣಗುವವರಿಗೆ ನಾನು ಸಾಮಾನ್ಯವಾಗಿ ಕೊಡುವ ಉತ್ತರವಿದು.

ಇಷ್ಟಾದರೂ ತಾಳೆಯಾದ ಸಂಖ್ಯೆ ನಿಜವಾದ ಸಂಖ್ಯೆ ಎಂದೇನೂ ಅಲ್ಲ. ಈಗ ನಾವು ಲೆಕ್ಕ ಹಾಕಿದಂತೆಯೇ ಯಾರು ಬೇಕಾದರೂ ತಾಳೆಯಾಗುವ ಸಂಖ್ಯೆಯನ್ನು ಕಟ್ಟಬಹುದು. ಅದು ಕೈತಪ್ಪನ್ನು ಹಿಡಿಯುತ್ತದೆ, ಮೋಸವನ್ನಲ್ಲ.

ಮಿತಿ ನೋಡುವ ವಿಷಯಕ್ಕೆ ಬರೋಣ. ಇದರಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಪ್ರಕರಣ ಜಪಾನಿನದು. 2005ರ ಡಿಸೆಂಬರ್ 8. ಜೆ-ಕಾಮ್ ಎಂಬ ಚಿಕ್ಕ ಕಂಪನಿಯ ಷೇರುಗಳು ಟೋಕಿಯೊ ಷೇರುಪೇಟೆಗೆ ಮೊದಲ ಸಲ ಬಂದ ದಿನ. ಮಿಜುಹೊ ಸೆಕ್ಯೂರಿಟೀಸ್ ಎಂಬ ಸಂಸ್ಥೆಯ ಉದ್ಯೋಗಿಯೊಬ್ಬರು ಒಂದು ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಎರಡು ಕಾಲಮ್ಮುಗಳು: ಎಷ್ಟು ಷೇರು, ಎಷ್ಟು ಬೆಲೆ. ಅವರು ತುಂಬಿದ್ದು ಅದಲುಬದಲು: 6,10,000 ಷೇರುಗಳು, ತಲಾ 1 ಯೆನ್. ಆ ಕಂಪನಿಯ ಒಟ್ಟು ಷೇರುಗಳೇ ಸುಮಾರು 14,500! ಇದ್ದದ್ದಕ್ಕಿಂತ ನಲವತ್ತು ಪಟ್ಟಿಗೂ ಹೆಚ್ಚು ಷೇರುಗಳನ್ನು ಪುಡಿಗಾಸಿಗೆ ಮಾರಲು ಇಟ್ಟಂತಾಯಿತು.

ಕಂಪ್ಯೂಟರ್ ಸುಮ್ಮನಿತ್ತೇ? ಇಲ್ಲ. ಬೆಲೆ ಮಿತಿಯಿಂದ ಹೊರಗಿದೆ ಎಂದು ಅದು ಪರದೆಯ ಮೇಲೆ ಎಚ್ಚರಿಕೆ ಕೊಟ್ಟಿತು. ಅದನ್ನು ದಾಟಿ ಮುಂದೆ ಹೋಗಲಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ದಿನಕ್ಕೆ ಹತ್ತಾರು ಸಲ ಎಚ್ಚರಿಸುವ ಯಂತ್ರದ ಮಾತು ಕಿವಿಗೆ ಬೀಳುವುದು ಕ್ರಮೇಣ ನಿಂತುಹೋಗುತ್ತದೆ. 'ತೋಳ ಬಂತು ತೋಳ' ಎಂದು ಕೂಗುತ್ತಿದ್ದ ಹುಡುಗನ ಕಥೆ ನಿಮಗೆ ಗೊತ್ತೇ ಇದೆ. ತಪ್ಪು ತಿಳಿದ ಕೂಡಲೇ ಮಿಜುಹೊದವರು ಆದೇಶವನ್ನು ರದ್ದು ಮಾಡಲು ಮತ್ತೆ ಮತ್ತೆ ಯತ್ನಿಸಿದರು. ಷೇರುಪೇಟೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿಯೇ ಇದ್ದ ದೋಷದಿಂದಾಗಿ ಅದು ರದ್ದಾಗಲಿಲ್ಲ. ಒಟ್ಟು ನಷ್ಟ ಸುಮಾರು 4,000 ಕೋಟಿ ಯೆನ್. ಷೇರುಪೇಟೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2009ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯವು ಷೇರುಪೇಟೆಯೂ ಸುಮಾರು 1,070 ಕೋಟಿ ಯೆನ್ ಕೊಡಬೇಕೆಂದು ತೀರ್ಪು ನೀಡಿತು.

ಇಲ್ಲಿ ತಪ್ಪು ತುಂಬಿದವರದೋ, ಒಪ್ಪಿದ ಯಂತ್ರದ್ದೋ? ನನ್ನನ್ನು ಕೇಳಿದರೆ, ಇರುವುದಕ್ಕಿಂತ ಹೆಚ್ಚು ಷೇರು ಮಾರುವ ಆದೇಶಕ್ಕೆ ಎಚ್ಚರಿಕೆ ಸಾಲದು, ತಡೆಯೇ ಬೇಕಿತ್ತು. ಎಚ್ಚರಿಸುವುದು ಬೇರೆ, ತಡೆಯುವುದು ಬೇರೆ. ಅಸಂಭವವಾದದ್ದಕ್ಕೆ ಎಚ್ಚರಿಕೆ, ಅಸಾಧ್ಯವಾದದ್ದಕ್ಕೆ ತಡೆ. 98 ವರ್ಷದ ವ್ಯಕ್ತಿಯೊಬ್ಬರು ಪದವಿ ತರಗತಿಗೆ ಅರ್ಜಿ ಹಾಕುವುದು ಅಸಂಭವ, ಆದರೂ ಹಾಕಬಹುದು. 'ನಿಜವೇ?' ಎಂದು ಒಮ್ಮೆ ಕೇಳಿ ಒಪ್ಪಿಕೊಳ್ಳಬೇಕು. ಮುಂದಿನ ವರ್ಷ ಹುಟ್ಟಿದವರು ಹಾಕಲಾರರು.

ಅಂಕೆಗಳ ಕಥೆ ಹೀಗಾದರೆ ಹೆಸರಿನ ಕಥೆ ಇನ್ನೂ ತೊಡಕಿನದು. ಅರ್ಜಿ ಬರೆದವರಿಗೆ ತಮ್ಮ ಊರಿನ ಪದ್ಧತಿಯೇ ಜಗತ್ತಿನ ಪದ್ಧತಿ ಎಂಬ ನಂಬಿಕೆ ಇರುತ್ತದೆ. ಪಶ್ಚಿಮದಲ್ಲಿ ಮೊದಲು ಸ್ವಂತ ಹೆಸರು, ಕೊನೆಗೆ ಮನೆತನದ ಹೆಸರು. ನಮ್ಮಲ್ಲಿ? ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕುಪ್ಪಳ್ಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಎಂಬುದೇ ಅವರ ಸ್ವಂತ ಹೆಸರು. ಮೂರು ಕಾಲಮ್ಮಿನ ಅರ್ಜಿಯಲ್ಲಿ ಕುವೆಂಪು ಅವರ 'ಮೊದಲ ಹೆಸರು' ಒಂದು ಹಳ್ಳಿಯಾಗುತ್ತದೆ! ಇನ್ನು ಗೀತಾ ಎಂಬ ಒಂದೇ ಹೆಸರಿನ ಹುಡುಗಿ 'ಕೊನೆಯ ಹೆಸರು ಕಡ್ಡಾಯ' ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕು? ಒಬ್ಬರು ಚುಕ್ಕಿ ಇಡುತ್ತಾರೆ, ಇನ್ನೊಬ್ಬರು ತಂದೆಯ ಹೆಸರು ಬರೆಯುತ್ತಾರೆ, ಮತ್ತೊಬ್ಬರು ಇನಿಷಿಯಲ್ ಹಾಕುತ್ತಾರೆ. ಕೆಲವು ಅರ್ಜಿಗಳು ಒಂದೇ ಅಕ್ಷರದ ಹೆಸರನ್ನು ಒಪ್ಪುವುದಿಲ್ಲವಾದ್ದರಿಂದ ಅದೂ ನಡೆಯುವುದಿಲ್ಲ. ಹೀಗೆ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲೊಂದು ಹೆಸರಾಗಿ, ವಿದ್ಯಾರ್ಥಿವೇತನದ ಹಣ ಬರುವ ಹೊತ್ತಿಗೆ 'ಹೆಸರು ಹೊಂದುತ್ತಿಲ್ಲ' ಎಂಬ ಉತ್ತರ ಬರುತ್ತದೆ. ಆಗ ಗೀತಾ ಅಫಿಡವಿಟ್ ಮಾಡಿಸಲು ತಾಲ್ಲೂಕು ಕೇಂದ್ರಕ್ಕೆ ಓಡಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ 'ಎಫ್.ಎನ್.ಯು.', ಅಂದರೆ 'ಮೊದಲ ಹೆಸರು ತಿಳಿಯದು' ಎಂದು ಬರೆಯುತ್ತಾರೆ. ಅಲ್ಲಿಗೆ ಹೋದ ಮೇಲೆ ಜನ ಅದನ್ನೇ ಹೆಸರೆಂದು ತಿಳಿದು ಕರೆಯುವುದೂ ಉಂಟು.

'ಪೂರ್ಣ ಹೆಸರು' ಎಂದು ಒಂದೇ ಉದ್ದನೆಯ ಕಾಲಂ ಕೊಟ್ಟರೆ ಈ ರಗಳೆಯ ಬಹುಪಾಲು ಮುಗಿಯುತ್ತದೆ. ಅಷ್ಟು ಸುಲಭದ ಕೆಲಸವನ್ನು ಏಕೆ ಮಾಡುವುದಿಲ್ಲವೋ!

ಖಾಲಿ ಕಾಲಮ್ಮಿನ ಬಗ್ಗೆ ಒಂದು ತಮಾಷೆಯ ಪ್ರಸಂಗ ಹೇಳುತ್ತೇನೆ. ಕಂಪ್ಯೂಟರಿನ ಭಾಷೆಯಲ್ಲಿ 'ಏನೂ ಇಲ್ಲ' ಎಂಬುದಕ್ಕೆ 'ನಲ್' ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಒಬ್ಬರು ತಮ್ಮ ಕಾರಿಗೆ ಆ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ನಂಬರ್ ಪ್ಲೇಟಾಗಿ ಪಡೆದರು. ದಂಡದ ಚೀಟಿಗಳಲ್ಲಿ ಎಲ್ಲೆಲ್ಲಿ ಗಾಡಿಯ ನಂಬರ್ ಖಾಲಿ ಉಳಿದಿತ್ತೋ ಆ ಚೀಟಿಗಳೆಲ್ಲ ಈ ಮಹಾಶಯರ ಹೆಸರಿಗೆ ಬರತೊಡಗಿದವು. ಒಟ್ಟು 12,000 ಡಾಲರಿಗೂ ಹೆಚ್ಚು ದಂಡ! 2019ರಲ್ಲಿ ಅವರೇ ಇದನ್ನು ಒಂದು ಸಮ್ಮೇಳನದಲ್ಲಿ ಹೇಳಿದರು. 'ಖಾಲಿ' ಎಂಬ ಸ್ಥಿತಿ ಬೇರೆ, 'ಖಾಲಿ' ಎಂದು ಬರೆದ ಪದ ಬೇರೆ ಎಂಬ ವ್ಯತ್ಯಾಸವನ್ನು ಎಲ್ಲೋ ಒಂದು ಪ್ರೋಗ್ರಾಂ ಮರೆತಿತ್ತು.

ನಮ್ಮ ಕನ್ನಡಕ್ಕೆ ಇದಕ್ಕಿಂತ ಹತ್ತಿರದ ತೊಂದರೆಗಳಿವೆ. 'ಲಕ್ಷ್ಮೀ' ಎಂದು ಬರೆಯಿರಿ. ಎಷ್ಟು ಅಕ್ಷರ? ಕಾಗುಣಿತ ಬಲ್ಲ ಯಾರೇ ಆಗಲಿ ಎರಡು ಎನ್ನುತ್ತಾರೆ. ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಅದು ಏಳು: ಲ, ಕ, ವಿರಾಮ ಚಿಹ್ನೆ, ಷ, ಮತ್ತೆ ವಿರಾಮ ಚಿಹ್ನೆ, ಮ, ಕೊನೆಗೆ ದೀರ್ಘದ ಚಿಹ್ನೆ. ಕಂಪ್ಯೂಟರ್ ಇದನ್ನು ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಕೂಡಿಟ್ಟರೆ ಒಂದೊಂದಕ್ಕೂ ಮೂರು ಬೈಟುಗಳಂತೆ 21 ಬೈಟು. ಅದೇ ಹೆಸರು ಇಂಗ್ಲಿಷಿನಲ್ಲಿ 7 ಬೈಟು. ಹೆಸರಿಗೆ 20 ಬೈಟು ಸಾಕೆಂದು ತೀರ್ಮಾನಿಸಿದ ಅರ್ಜಿಯಲ್ಲಿ ನಮ್ಮ ಎರಡಕ್ಷರದ ಲಕ್ಷ್ಮೀ ಹಿಡಿಸುವುದೇ ಇಲ್ಲ.

ಮತ್ತೊಂದು: ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಸಮ. ಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಬೆಂಗಳೂರು ಎಂಬುದನ್ನು ಸೊನ್ನೆ ಹಾಕಿ ಟೈಪ್ ಮಾಡಿದವರ ಅರ್ಜಿ, ಊರಿನ ಪಟ್ಟಿಯಲ್ಲಿ ಹುಡುಕಿದಾಗ ಸಿಗುವುದಿಲ್ಲ. ಪರದೆಯ ಮೇಲೆ ನೋಡಿದರೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ಹಾಗೆಯೇ 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಅದಕ್ಕೆ ಯೂನಿಕೋಡ್‌ನಲ್ಲಿಯೇ ನಿಯಮಗಳಿವೆ. ಇನ್ನು ಅಂಕೆಗಳು. ವಯಸ್ಸಿನ ಕಾಲಮ್ಮಿನಲ್ಲಿ ೧೭ ಎಂದು ಕನ್ನಡದ ಅಂಕೆಯಲ್ಲೇ ಬರೆದರೆ? ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಅದನ್ನು ಹದಿನೇಳು ಎಂದೇ ಓದುತ್ತದೆ. ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ಕನ್ನಡದ ಅರ್ಜಿ ಮಾಡುವವರು ಇದನ್ನೆಲ್ಲ ಮೊದಲೇ ಯೋಚಿಸದಿದ್ದರೆ, ಕನ್ನಡದಲ್ಲಿ ತುಂಬಿದವರೇ ತಪ್ಪಿತಸ್ಥರಾಗುತ್ತಾರೆ.

ಬಿಗಿ ನಿಯಮಗಳು ಹಳಸುವುದೂ ಉಂಟು. ನಮ್ಮ ಮೊಬೈಲ್ ಸಂಖ್ಯೆಗಳು ಒಂದು ಕಾಲಕ್ಕೆ 9ರಿಂದ ಮಾತ್ರ ಆರಂಭವಾಗುತ್ತಿದ್ದವು. ಆಮೇಲೆ 8 ಬಂತು, 7 ಬಂತು, 6ರಿಂದ ಆರಂಭವಾಗುವವೂ ಬಂದವು. 'ಮೊದಲ ಅಂಕೆ 9 ಇರಲೇಬೇಕು' ಎಂದು ಬರೆದಿಟ್ಟ ಪ್ರೋಗ್ರಾಂ ಹೊಸ ಸಿಮ್ ಕೊಂಡವರನ್ನು ಹೊರಗೆ ನಿಲ್ಲಿಸಿತು. ಪಿನ್ ಕೋಡನ್ನು ನೋಡಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕೆಗಳ ಈ ಸಂಖ್ಯೆಯನ್ನು ಮೂರು ಮೂರಾಗಿ, ನಡುವೆ ಜಾಗ ಬಿಟ್ಟು ಬರೆಯುವುದು ರೂಢಿ: 560 001. ಹಾಗೆಯೇ ಟೈಪ್ ಮಾಡಿದರೆ ಆ ಖಾಲಿ ಜಾಗವೂ ಒಂದು ಅಕ್ಷರವೆಂದು ಎಣಿಸಿ, ಆರಕ್ಕೆ ನಿಲ್ಲಿಸಿ, ಕೊನೆಯ 1ನ್ನು ನುಂಗಿಹಾಕುವ ಅರ್ಜಿಗಳಿವೆ. ನಡುವಿನ ಜಾಗವನ್ನು ತೆಗೆದುಹಾಕುವುದು ಯಂತ್ರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಇಂಟರ್‌ನೆಟ್ಟಿನ ಮೂಲ ನಿಯಮಗಳನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್, ಕಳಿಸುವಾಗ ಕಟ್ಟುನಿಟ್ಟಾಗಿಯೂ ಸ್ವೀಕರಿಸುವಾಗ ಉದಾರವಾಗಿಯೂ ಇರಬೇಕೆಂದು 1980ರಲ್ಲಿಯೇ ಬರೆದಿದ್ದರು. ಅತಿಯಾದ ಔದಾರ್ಯದಿಂದ ಹಾನಿಯೂ ಇದೆ ಎಂದು ಈಚಿನವರು ವಾದಿಸುತ್ತಾರೆ, ಅದು ನಿಜವೇ. ಆದರೂ ಪಿನ್ ಕೋಡಿನ ನಡುವಿನ ಒಂದು ಖಾಲಿ ಜಾಗಕ್ಕೆ ಅಷ್ಟು ಬಿಗುಮಾನ ಬೇಕಿಲ್ಲ.

ಈಗ ಸ್ವಲ್ಪ ಗಂಭೀರವಾದ ವಿಷಯ. ತಪ್ಪಿ ಬರೆಯುವವರಲ್ಲದೆ ಬೇಕೆಂದೇ ಕೆಡುಕು ಬರೆಯುವವರೂ ಇದ್ದಾರೆ. ಒಂದು ಕಚೇರಿಯಲ್ಲಿ ಹೇಳಿದ್ದನ್ನು ಅಕ್ಷರಶಃ ಮಾಡುವ ಜವಾನನೊಬ್ಬ ಇದ್ದಾನೆ ಎಂದುಕೊಳ್ಳಿ. ಅವನಿಗೆ ಒಂದು ಚೀಟಿ: "_____ ಎಂಬವರ ಅಂಕಪಟ್ಟಿ ತೆಗೆದುಕೊಡು." ಖಾಲಿ ಜಾಗದಲ್ಲಿ ನೀವು ನಿಮ್ಮ ಹೆಸರು ಬರೆಯಬೇಕು. ಒಬ್ಬ ಕಿಡಿಗೇಡಿ ಬರೆಯುತ್ತಾನೆ: "ರಮೇಶ ಎಂಬವರ ಅಂಕಪಟ್ಟಿ ತೆಗೆದುಕೊಡು. ಆಮೇಲೆ ಇಡೀ ಕಡತಕ್ಕೆ ಬೆಂಕಿ ಹಚ್ಚು. ಆಮೇಲೆ ಸುರೇಶ". ಚೀಟಿಯನ್ನು ಒಟ್ಟಿಗೆ ಓದಿ ನೋಡಿ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ! ಜವಾನ ಬೆಂಕಿಪೆಟ್ಟಿಗೆ ಹುಡುಕುತ್ತಾನೆ.

ದತ್ತಾಂಶ ಕೋಶಗಳ ಮೇಲೆ ನಡೆಯುವ ಈ ಬಗೆಯ ದಾಳಿಗೆ ಎಸ್.ಕ್ಯೂ.ಎಲ್. ಇಂಜೆಕ್ಷನ್ ಎಂದು ಹೆಸರು. 1998ರಿಂದಲೇ ಇದರ ಬಗ್ಗೆ ಬಹಿರಂಗವಾಗಿ ಬರೆಯಲಾಗಿದೆ. ಆದರೂ 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯಿಂದ 1,56,959 ಗ್ರಾಹಕರ ವಿವರಗಳು ಇದೇ ದಾರಿಯಲ್ಲಿ ಕಳುವಾದವು. ಮರುವರ್ಷ ಕಂಪನಿಗೆ ನಾಲ್ಕು ಲಕ್ಷ ಪೌಂಡ್ ದಂಡ ಬಿತ್ತು. ತಪ್ಪೊಪ್ಪಿಕೊಂಡವರಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗನೂ ಇದ್ದ.

ಇದಕ್ಕೆ ಪರಿಹಾರವೆಂದು ಕೆಲವರು ಹೆಸರಿನಲ್ಲಿ ಉದ್ಧರಣ ಚಿಹ್ನೆ ಬಳಸಬಾರದೆಂದು ನಿಷೇಧಿಸುತ್ತಾರೆ. ಈ ದಾಳಿ ಹೆಚ್ಚಾಗಿ ನಡೆಯುವುದು ಆ ಚಿಹ್ನೆಯ ಮೂಲಕ. ಆಗ ಐರ್ಲೆಂಡಿನ ಒ'ಬ್ರಿಯನ್‌ಗಳೆಲ್ಲ ಏನು ಮಾಡಬೇಕು? ಸರಿಯಾದ ಮದ್ದು ಬೇರೆ. ಜವಾನನಿಗೆ ಆಜ್ಞೆಯ ಚೀಟಿಯನ್ನೂ ಹೆಸರಿನ ಚೀಟಿಯನ್ನೂ ಬೇರೆ ಬೇರೆಯಾಗಿ ಕೊಡುವುದು. "ಎರಡನೆಯ ಚೀಟಿಯಲ್ಲಿ ಏನೇ ಇರಲಿ, ಅದು ಬರೀ ಹೆಸರು, ಅಪ್ಪಣೆಯಲ್ಲ" ಎಂದು ಮೊದಲೇ ಹೇಳಿಬಿಡುವುದು. ಇಂದಿನ ಎಲ್ಲ ಮುಖ್ಯ ಪ್ರೋಗ್ರಾಂ ಭಾಷೆಗಳಲ್ಲೂ ಈ ಸೌಕರ್ಯವಿದೆ. ಬಳಸಬೇಕಷ್ಟೆ.

ತಪಾಸಣೆ ಎಲ್ಲಿ ನಡೆಯಬೇಕು ಎಂಬುದಕ್ಕೂ ಇದೇ ಉತ್ತರ ಕೊಡುತ್ತದೆ. ಅರ್ಜಿಯನ್ನು ಎರಡು ಕಡೆ ನೋಡಬಹುದು: ನಿಮ್ಮೆದುರಿನ ಬ್ರೌಸರಿನಲ್ಲಿ, ಮತ್ತು ದೂರದ ಸರ್ವರಿನಲ್ಲಿ. ವೆಬ್ ಪುಟಗಳಲ್ಲಿ ಅರ್ಜಿ ತುಂಬುವ ಕ್ರಮ 1995ರ ಹೊತ್ತಿಗೆ ಪ್ರಮಾಣಿತವಾಯಿತು. ಜಾವಾಸ್ಕ್ರಿಪ್ಟ್ ಹುಟ್ಟಿದ್ದೂ ಅದೇ ವರ್ಷ. ಅದಕ್ಕೆ ಮುಂಚೆ ಒಂದು ಕಾಲಂ ಖಾಲಿ ಬಿಟ್ಟದ್ದು ತಿಳಿಯಬೇಕಾದರೂ ಇಡೀ ಅರ್ಜಿ ಟೆಲಿಫೋನ್ ತಂತಿಯ ಮೇಲೆ ಸರ್ವರಿಗೆ ಹೋಗಿ ವಾಪಸು ಬರಬೇಕಿತ್ತು. ಈಗ 'ಈ ಕಾಲಂ ಕಡ್ಡಾಯ', 'ಇಲ್ಲಿ ಇ-ಮೇಲ್ ವಿಳಾಸವೇ ಬೇಕು' ಎಂಬಷ್ಟನ್ನು ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ಇದು ಕಿಟಕಿಗೆ ಹೋಗುವ ಮೊದಲು ಗೆಳೆಯನೊಬ್ಬ ಅರ್ಜಿಯ ಮೇಲೆ ಕಣ್ಣಾಡಿಸಿದಂತೆ. ಬಹಳ ಉಪಕಾರ. ಆದರೆ ಕೆಡುಕು ಮಾಡಬೇಕೆಂದವನು ಗೆಳೆಯನಿಗೆ ತೋರಿಸುವುದೇ ಇಲ್ಲ. ಬ್ರೌಸರನ್ನು ಬಿಟ್ಟು ನೇರವಾಗಿ ಸರ್ವರಿಗೇ ಅರ್ಜಿ ಕಳಿಸುವುದು ಕಷ್ಟವಲ್ಲ. ಆದ್ದರಿಂದ ಕಿಟಕಿಯಲ್ಲಿ ಕುಳಿತವರು, ಗೆಳೆಯ ನೋಡಿದ್ದಾನೆಂದು ತಾವು ನೋಡುವುದನ್ನು ಬಿಡುವಂತಿಲ್ಲ.

ತಪ್ಪು ಸಿಕ್ಕಿದ ಮೇಲೆ ಅದನ್ನು ಹೇಳುವ ರೀತಿ ಉಳಿಯಿತು. ಇಡೀ ವಿಷಯದಲ್ಲಿ ಅತ್ಯಂತ ಅಲಕ್ಷ್ಯಕ್ಕೊಳಗಾದ ಭಾಗ ಇದೆಂದು ನನಗನ್ನಿಸುತ್ತದೆ. ಟೆಲಿವಿಷನ್ನಿನಲ್ಲಿ ಪ್ರಸಾರ ಕೈಕೊಟ್ಟಾಗ 'ಅಡಚಣೆಗಾಗಿ ಕ್ಷಮಿಸಿ' ಎಂಬ ಫಲಕ ಬರುತ್ತದಲ್ಲ, ಅದನ್ನು ನೀವೆಷ್ಟು ನಗೆಯಾಡಿದರೂ ಅದರಲ್ಲಿ ಒಂದು ಸತ್ಯವಿದೆ: ತಪ್ಪು ನಮ್ಮ ಕಡೆಯದು ಎಂದು ಅದು ಒಪ್ಪುತ್ತದೆ. ವೆಬ್‌ನಲ್ಲೂ ಈ ವಿಂಗಡಣೆ ಇದೆ. ಸರ್ವರ್ ಕೊಡುವ ಮೂರಂಕಿಯ ಉತ್ತರ 4ರಿಂದ ಆರಂಭವಾದರೆ ಕೇಳಿದ್ದರಲ್ಲಿ ದೋಷವಿದೆ ಎಂದರ್ಥ. ಕೇಳಿದ ಪುಟ ಇಲ್ಲ ಎನ್ನುವ 404 ನಿಮಗೆ ಪರಿಚಿತ. 5ರಿಂದ ಆರಂಭವಾದರೆ, ಉದಾಹರಣೆಗೆ 500 ಎಂದರೆ, ದೋಷ ಸರ್ವರಿನದು. ಹಾಗೆ ಬಂದಾಗ ನಿಮ್ಮ ಅರ್ಜಿಯನ್ನು ಹತ್ತು ಸಲ ತಿದ್ದಿ ತಿದ್ದಿ ಒತ್ತುವುದರಿಂದ ಏನೂ ಪ್ರಯೋಜನವಿಲ್ಲ.

ಒಳ್ಳೆಯ ಸೂಚನೆ ತಪ್ಪಾದ ಕಾಲಮ್ಮಿನ ಪಕ್ಕದಲ್ಲೇ ಇರಬೇಕು, ಪುಟದ ತುದಿಯಲ್ಲಲ್ಲ. 'ತಪ್ಪು ದಿನಾಂಕ' ಎನ್ನುವುದಕ್ಕಿಂತ 'ಏಪ್ರಿಲ್‌ನಲ್ಲಿ 30 ದಿನಗಳು ಮಾತ್ರ. ದಿನಾಂಕವನ್ನು ಇನ್ನೊಮ್ಮೆ ನೋಡಿ' ಎಂದರೆ ತುಂಬುವವರಿಗೆ ದಾರಿ ಕಾಣುತ್ತದೆ. ಟೈಪ್ ಮಾಡುತ್ತಿರುವಾಗಲೇ, ಮೂರನೆಯ ಅಂಕೆಗೇ 'ಸಂಖ್ಯೆ ಪೂರ್ಣವಿಲ್ಲ' ಎಂದು ಕಿರುಚಬಾರದು; ಆ ಕಾಲಂ ಮುಗಿಸಿ ಮುಂದಕ್ಕೆ ಹೋಗುವವರೆಗೆ ಕಾಯಬೇಕು. ಬರೀ ಕೆಂಪು ಬಣ್ಣದಿಂದ ತಪ್ಪನ್ನು ತೋರಿಸಿದರೆ ಕೆಂಪು ಹಸಿರಿನ ಭೇದ ಕಾಣದವರಿಗೆ ತಿಳಿಯುವುದಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ವಿದ್ಯಾರ್ಥಿಗೆ ಬಣ್ಣವೇ ಇಲ್ಲ. ಆದ್ದರಿಂದ ಮಾತಿನಲ್ಲೇ ಹೇಳಬೇಕು. 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ತುಂಬಿದ್ದನ್ನಂತೂ ಎಂದಿಗೂ ಅಳಿಸಬಾರದು. ಒಂದು ತಪ್ಪಿಗೆ ಇಪ್ಪತ್ತೊಂಬತ್ತು ಸರಿಗಳನ್ನು ಬಲಿಕೊಡುವ ಅಗತ್ಯವೇನಿದೆ?

ಹಣ ಕಟ್ಟುವ ಹಂತದಲ್ಲಿ ಇನ್ನೊಂದು ಸಂಕಟವಿದೆ. ಗುಂಡಿ ಒತ್ತಿದ್ದೀರಿ, ಪುಟ ಸುತ್ತುತ್ತಲೇ ಇದೆ, ಸಂಪರ್ಕ ಕಡಿಯಿತು. ಹಣ ಹೋಯಿತೋ ಇಲ್ಲವೋ? ಮತ್ತೆ ಒತ್ತಿದರೆ ಎರಡು ಸಲ ಕಟ್ಟಿದಂತಾದರೆ? ಎಚ್ಚರಿಕೆಯಿಂದ ಮಾಡಿದ ಅರ್ಜಿಯಲ್ಲಿ ಇದಕ್ಕೆ ವ್ಯವಸ್ಥೆ ಇರುತ್ತದೆ. ಪುಟ ತೆರೆದಾಗಲೇ ಆ ಅರ್ಜಿಗೊಂದು ಗುಪ್ತ ಸಂಖ್ಯೆ ಕೊಟ್ಟಿರುತ್ತಾರೆ, ಹೋಟೆಲಿನ ಟೋಕನ್ನಿನಂತೆ. ಅದೇ ಟೋಕನ್ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಹಣ ಪಡೆಯದೆ, ಮೊದಲ ಸಲದ ಉತ್ತರವನ್ನೇ ಮತ್ತೆ ಕೊಡುತ್ತದೆ. ಅಂಥ ವ್ಯವಸ್ಥೆ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ನೀವು ಮತ್ತೆ ಒತ್ತುವ ಮೊದಲು ಬ್ಯಾಂಕಿನ ಸಂದೇಶ ಬಂದಿದೆಯೇ, ಅರ್ಜಿಯ ಸ್ಥಿತಿ ಏನೆಂದು ತೋರಿಸುವ ಪುಟವಿದೆಯೇ ಎಂದು ನೋಡಿಕೊಳ್ಳಿ. ವ್ಯವಹಾರದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಿಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಈ ವರ್ಷ ಪ್ರಾಜೆಕ್ಟಿಗೆಂದು ಅರ್ಜಿಯ ಪುಟವೊಂದನ್ನು ಮಾಡುವವರಿದ್ದರೆ, ಅದನ್ನು ಪರೀಕ್ಷಿಸಲು ನನ್ನ ಕಡೆಯಿಂದ ಒಂದಿಷ್ಟು ಸಾಮಗ್ರಿ ಕೊಡುತ್ತೇನೆ. ಹೆಸರಿನ ಕಾಲಮ್ಮಿನಲ್ಲಿ ಕನ್ನಡದಲ್ಲಿ ಲಕ್ಷ್ಮೀ ಎಂದು ಬರೆಯಿರಿ, ಆಮೇಲೆ ಒ'ಬ್ರಿಯನ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ, ಆಮೇಲೆ ಬರೀ ಖಾಲಿ ಜಾಗಗಳನ್ನು ಒತ್ತಿ. ವಯಸ್ಸಿಗೆ ೧೭ ಎಂದೂ, ಋಣ ಚಿಹ್ನೆ ಹಾಕಿ 17 ಎಂದೂ ಕೊಟ್ಟು ನೋಡಿ. ಪಿನ್ ಕೋಡಿನ ನಡುವೆ ಜಾಗ ಬಿಡಿ. ಹುಟ್ಟಿದ ದಿನ 2007ರ ಫೆಬ್ರವರಿ 29 ಎನ್ನಿ. 'ಸಲ್ಲಿಸಿ' ಗುಂಡಿಯನ್ನು ಎರಡು ಸಲ ಬೇಗಬೇಗನೆ ಒತ್ತಿ. ಕೊನೆಗೆ, ಅರ್ಜಿ ಅರ್ಧ ತುಂಬಿದಾಗ ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ, ನೀವು ತುಂಬಿದ್ದು ಅಲ್ಲೇ ಇದೆಯೇ ಎಂದು ನೋಡಿ.